ಮಗುವಿನ ನರದ ಹೊದಿಕೆ ಕಳಚಿದಾಗ: ‘ಮತ್ತೆ ಬರುತ್ತದೆಯೇ?’ ಎಂಬ ಪ್ರಶ್ನೆ

ಶೀತ, ಜ್ವರ ಬಂದು ವಾಸಿಯಾಗಿ ಹತ್ತು ಹನ್ನೆರಡು ದಿನ ಕಳೆದಿರುತ್ತದೆ. ಆಡಿಕೊಂಡಿದ್ದ ಐದಾರು ವರ್ಷದ ಮಗು ಇದ್ದಕ್ಕಿದ್ದಂತೆ ಮಂಕಾಗುತ್ತದೆ. ತಲೆನೋವು, ವಾಂತಿ, ಮತ್ತೆ ಸಣ್ಣಗೆ ಜ್ವರ. ಮರುದಿನ ಎಬ್ಬಿಸಿದರೆ ಸರಿಯಾಗಿ ಏಳುವುದಿಲ್ಲ, ಕೇಳಿದ್ದಕ್ಕೆ ಏನೋ ಒಂದು ಉತ್ತರ ಕೊಡುತ್ತದೆ, ನಿಲ್ಲಿಸಿದರೆ ಓಲಾಡುತ್ತದೆ, ಒಂದು ಕೈಯಲ್ಲಿ ಲೋಟ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದಾಗ ಮಿದುಳಿನ ಬಿಳಿಭಾಗದಲ್ಲಿ ಅಲ್ಲಲ್ಲಿ ಅಂಚು ಸ್ಪಷ್ಟವಿಲ್ಲದ ದೊಡ್ಡ ಮಚ್ಚೆಗಳು ಕಾಣುತ್ತವೆ. ‘ಡಿಮೈಲಿನೇಷನ್’, ಅಂದರೆ ನರದ ಹೊದಿಕೆಯಾದ ಮೈಲಿನ್ ಕಳಚುವುದು, ಎಂಬ ಮಾತು ಬಹುಪಾಲು ತಂದೆತಾಯಿಯರ ಕಿವಿಗೆ ಬೀಳುವುದು ಅಂದೇ ಮೊದಲು.

ಅಲ್ಲಿಂದಾಚೆಗೆ ಮನೆಯವರಿಗೆ ಇರುವುದು ಎರಡೇ ಪ್ರಶ್ನೆ. ಮಗು ಸರಿಹೋಗುತ್ತದೆಯೇ? ಮತ್ತೆ ಬರುತ್ತದೆಯೇ? ಮೊದಲನೆಯದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಧೈರ್ಯ ಕೊಡುವಂಥದ್ದು. ಎರಡನೆಯದಕ್ಕೆ ಮಾತ್ರ ಆ ವಾರದಲ್ಲಿ ಯಾರಿಂದಲೂ ಖಚಿತ ಉತ್ತರ ಸಿಗುವುದಿಲ್ಲ. ವೈದ್ಯರು ಹಾರಿಕೆಯ ಮಾತಾಡುತ್ತಿದ್ದಾರೆ ಎಂದು ಅನ್ನಿಸುವುದು ಸಹಜ. ಆದರೆ ಆರಂಭದಲ್ಲಿ ಒಂದೇ ಥರ ಕಾಣುವ ಮೂರು ನಾಲ್ಕು ಬೇರೆ ಬೇರೆ ಕಾಯಿಲೆಗಳು ಇಲ್ಲಿವೆ. ಅವುಗಳ ಮೊದಲ ವಾರದ ಚಿಕಿತ್ಸೆ ಹೆಚ್ಚೂಕಡಿಮೆ ಒಂದೇ. ಆಮೇಲಿನ ದಾರಿಗಳು ಮಾತ್ರ ಪೂರ್ತಿ ಬೇರೆ. ಒಂದರಲ್ಲಿ ಮುಂದೆ ಯಾವ ಔಷಧಿಯೂ ಬೇಡ, ಇನ್ನೊಂದರಲ್ಲಿ ವರ್ಷಗಟ್ಟಲೆ ಬೇಕು. ಒಂದಕ್ಕೆ ಕೊಡುವ ಔಷಧಿ ಮತ್ತೊಂದಕ್ಕೆ ಹಾನಿಯನ್ನೂ ಮಾಡಬಹುದು. ಕಾಯಿಲೆಯ ಹೆಸರು ಸರಿಯಾಗಿ ಗೊತ್ತಾಗಬೇಕೆಂದು ವೈದ್ಯರು ಹಟ ಹಿಡಿಯುವುದು ಇದಕ್ಕೇ.

ಮೊದಲು ಮೈಲಿನ್ ಏನೆಂದು ನೋಡೋಣ. ನರಕೋಶದಿಂದ ಹೊರಡುವ ಉದ್ದನೆಯ ಎಳೆಯ ಸುತ್ತ ಪದರ ಪದರವಾಗಿ ಸುತ್ತಿಕೊಂಡಿರುವ, ಬಹುಪಾಲು ಕೊಬ್ಬಿನಿಂದಾದ ಹೊದಿಕೆ ಅದು. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ಕಿಗೆ ಅದನ್ನು ಹೋಲಿಸುವುದು ರೂಢಿ. ಹೋಲಿಕೆ ಅರ್ಧ ದೂರ ಮಾತ್ರ ಬರುತ್ತದೆ. ಪ್ಲಾಸ್ಟಿಕ್ ನಿರ್ಜೀವ, ಮೈಲಿನ್ ಜೀವಂತ ಕೋಶವೊಂದರ ಚಾಚಿದ ಅಂಗ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಒಲಿಗೊಡೆಂಡ್ರೊಸೈಟ್ ಎಂಬ ಕೋಶ ಹತ್ತಾರು ಎಳೆಗಳ ಕಡೆ ಕೈ ಚಾಚಿ, ಒಂದೊಂದರ ಒಂದು ತುಂಡನ್ನು ಸುತ್ತಿಕೊಳ್ಳುತ್ತದೆ. ಕೈಕಾಲಿನ ನರಗಳಲ್ಲಿ ಈ ಕೆಲಸ ಶ್ವಾನ್ ಕೋಶಗಳದ್ದು. ಅಲ್ಲಿ ಒಂದು ಕೋಶಕ್ಕೆ ಒಂದೇ ತುಂಡು. ತುಂಡು ತುಂಡುಗಳ ನಡುವೆ ಸಣ್ಣ ತೆರಪು ಇರುತ್ತದೆ. ಸಂಕೇತ ಎಳೆಯುದ್ದಕ್ಕೂ ತೆವಳದೆ ಆ ತೆರಪಿನಿಂದ ಈ ತೆರಪಿಗೆ ನೆಗೆಯುತ್ತಾ ಹೋಗುತ್ತದೆ. ಹೊದಿಕೆಯಿಲ್ಲದ ತೆಳು ನರದಲ್ಲಿ ಸಂಕೇತದ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್, ಅಂದರೆ ಮನುಷ್ಯ ನಡೆಯುವಷ್ಟು. ಒಳ್ಳೆಯ ಹೊದಿಕೆಯಿರುವ ದಪ್ಪ ನರದಲ್ಲಿ ಅದು ಸೆಕೆಂಡಿಗೆ 120 ಮೀಟರ್‌ವರೆಗೂ ಹೋಗುತ್ತದೆ. ಹೊದಿಕೆ ಕಳಚಿದ ಜಾಗದಲ್ಲಿ ಸಂಕೇತ ನಿಧಾನವಾಗುತ್ತದೆ, ಇಲ್ಲವೇ ಅಲ್ಲೇ ನಿಂತುಬಿಡುತ್ತದೆ.

ಎಳೆ ಉಳಿದಿದ್ದರೆ ಹೊದಿಕೆಯನ್ನು ಮತ್ತೆ ಕಟ್ಟಿಕೊಳ್ಳಲು ಸಾಧ್ಯ. ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುವುದು ಇದರಿಂದಲೇ. ಆದರೆ ಇದಕ್ಕೊಂದು ಇನ್ನೊಂದು ಮುಖವಿದೆ. ಮಗುವಿನ ಮಿದುಳಿನಲ್ಲಿ ಮೈಲಿನ್ ಕೆಲಸ ಇನ್ನೂ ಮುಗಿದಿರುವುದಿಲ್ಲ. ಗರ್ಭದಲ್ಲೇ ಶುರುವಾಗುವ ಅದು ಹಣೆಯ ಹಿಂದಿನ ಭಾಗದಲ್ಲಿ, ಅಂದರೆ ಗಮನ, ಯೋಜನೆ, ಸಂಯಮದಂಥ ಕೆಲಸಗಳ ಜಾಗದಲ್ಲಿ, ಇಪ್ಪತ್ತು ದಾಟಿದ ಮೇಲೂ ನಡೆಯುತ್ತಿರುತ್ತದೆ. ಕಟ್ಟುತ್ತಿರುವಾಗಲೇ ಬಿದ್ದ ಪೆಟ್ಟು ನಡಿಗೆಯಲ್ಲಿ ಕಾಣದೆ ಎಷ್ಟೋ ವರ್ಷಗಳ ನಂತರ ಓದಿನಲ್ಲಿ ಕಾಣಬಹುದು.

ಇನ್ನು, ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ಮೈಲಿನ್ ಮೇಲೆ ಏಕೆ ಬೀಳುತ್ತದೆ? ಇದರ ಮೊದಲ ಸುಳಿವು ಸಿಕ್ಕಿದ್ದು ಹುಚ್ಚುನಾಯಿ ಕಡಿತದ ಲಸಿಕೆಯಿಂದ. 1885ರಲ್ಲಿ ಲೂಯಿ ಪಾಶ್ಚರ್ ಬಳಸಿದ ಲಸಿಕೆಯನ್ನು ಮೊಲದ ಬೆನ್ನುಹುರಿಯಿಂದ ತಯಾರಿಸಲಾಗಿತ್ತು. ಆಮೇಲಿನ ದಶಕಗಳಲ್ಲಿ ಪ್ರಾಣಿಗಳ ನರದ ಅಂಗಾಂಶದಿಂದ ತಯಾರಿಸಿದ ಲಸಿಕೆ ಪಡೆದ ಕೆಲವರಿಗೆ ಲಕ್ವ ಹೊಡೆಯತೊಡಗಿತು. ಕಾರಣ ರೇಬೀಸ್ ವೈರಸ್ಸೋ, ಅದರ ಜೊತೆ ಒಳಹೋದ ನರದ ಅಂಗಾಂಶವೋ? 1933ರಲ್ಲಿ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಯಾವ ರೋಗವೂ ಇಲ್ಲದ ಮೊಲದ ಮಿದುಳಿನ ಸಾರವನ್ನು ಮಂಗಗಳಿಗೆ ಪದೇ ಪದೇ ಚುಚ್ಚಿ ನೋಡಿದರು. ವೈರಸ್ ಇಲ್ಲದೆಯೇ ಕೆಲವು ಮಂಗಗಳ ಮಿದುಳಿನಲ್ಲಿ ಉರಿಯೂತವಾಗಿ ಮೈಲಿನ್ ಕಳಚಿತು. ಹೊರಗಿನ ನರದ ಅಂಗಾಂಶವನ್ನು ನೋಡಿ ಕೆರಳಿದ ರಕ್ಷಣಾ ಕೋಶಗಳು ಸ್ವಂತ ಮೈಲಿನ್ ಅನ್ನೂ ಬಿಟ್ಟಿರಲಿಲ್ಲ. ಈಗಿನ ರೇಬೀಸ್ ಲಸಿಕೆಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ಬರುವಂಥವು. ಆ ಹಳೆಯ ಅಪಾಯ ಅವಕ್ಕಿಲ್ಲ.

ಮಕ್ಕಳಲ್ಲಿ ನರದ ಸಾರವನ್ನು ಯಾರೂ ಚುಚ್ಚುವುದಿಲ್ಲ. ಅಲ್ಲಿ ಕೆರಳಿಸುವ ಕೆಲಸವನ್ನು ಸಾಮಾನ್ಯವಾಗಿ ಸೋಂಕು ಮಾಡುತ್ತದೆ. ವೈರಸ್ಸಿನ ಯಾವುದೋ ಪ್ರೋಟೀನ್ ಮೈಲಿನ್ ಪ್ರೋಟೀನಿನ ಒಂದು ತುಣುಕನ್ನು ಹೋಲುತ್ತಿದ್ದರೆ ಗುರುತು ತಪ್ಪಬಹುದು. ಇಲ್ಲವೇ ಸೋಂಕಿನ ಗದ್ದಲದಲ್ಲಿ, ಅಲ್ಲಿಯವರೆಗೆ ಸುಮ್ಮನಿದ್ದ ಕೋಶಗಳು ಎಚ್ಚೆತ್ತು ರಕ್ತದಿಂದ ಮಿದುಳಿಗೆ ದಾಟಿಬಿಡಬಹುದು. ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಹೀಗೆ ಮಿದುಳಿನ ಉರಿಯೂತ ಬರುತ್ತದೆ. ಉಳಿದ ಬಹುಪಾಲು ಸಂದರ್ಭಗಳಲ್ಲಿ ಹಿಂದೆ ಬಂದುಹೋಗಿದ್ದು ಹೆಸರೇ ಗೊತ್ತಿಲ್ಲದ ಸಾಧಾರಣ ನೆಗಡಿ-ಜ್ವರ. ಅದೇ ಜ್ವರ ಬಂದ ಪಕ್ಕದ ಮಗುವಿಗೆ ಏನೂ ಆಗಿರುವುದಿಲ್ಲ. ತಾಯಿ ಏನನ್ನೋ ಕೊಟ್ಟಳು, ಏನನ್ನೋ ಕೊಡಲಿಲ್ಲ ಎಂಬ ಲೆಕ್ಕಾಚಾರಕ್ಕೆ ಇಲ್ಲಿ ಜಾಗವೇ ಇಲ್ಲ.

ದಾಳಿ ಎಲ್ಲಿ ಆಯಿತು ಎನ್ನುವುದರ ಮೇಲೆ ಲಕ್ಷಣ ನಿಲ್ಲುತ್ತದೆ. ಬೆನ್ನುಹುರಿಯಲ್ಲಾದರೆ ಕಾಲುಗಳು ಸೋಲುತ್ತವೆ, ಹೊಟ್ಟೆ ಅಥವಾ ಎದೆಯ ಒಂದು ಗೆರೆಯಿಂದ ಕೆಳಕ್ಕೆ ಸ್ಪರ್ಶ ತಿಳಿಯುವುದಿಲ್ಲ, ಮೂತ್ರ ಕಟ್ಟಿಕೊಳ್ಳುತ್ತದೆ. ಸಣ್ಣ ಮಗು ಇದಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನಡೆಯಲು ಒಲ್ಲೆ ಎಂದು ಕೂತುಬಿಡುತ್ತದೆ, ಅಥವಾ ಬೆಳಗಿನಿಂದ ಒಂದು ಸಲವೂ ಮೂತ್ರ ಮಾಡಿಲ್ಲವೆಂದು ಯಾರಿಗೋ ಸಂಜೆ ಹೊಳೆಯುತ್ತದೆ. ಆ ಸಂಜೆ ಮರುದಿನಕ್ಕೆ ಕಾಯಬಾರದು.

ಕಣ್ಣಿನದು ಇನ್ನೂ ಮೋಸದ ವಿಷಯ. ದೃಷ್ಟಿನರದಲ್ಲಿ ಉರಿಯೂತವಾದರೆ ಕಣ್ಣು ಹೊರಳಿಸಿದಾಗ ಹಿಂದೆ ನೋಯುತ್ತದೆ, ನೋಟ ಮಸುಕಾಗುತ್ತದೆ. ಆದರೆ ಒಂದೇ ಕಣ್ಣಿಗಾದರೆ ಇನ್ನೊಂದು ಕಣ್ಣು ಕೆಲಸ ನಡೆಸಿಕೊಂಡು ಹೋಗುತ್ತದೆ. ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ಆಟದಲ್ಲಿ ಒಂದು ಕಣ್ಣು ಮುಚ್ಚಿಕೊಂಡಾಗ ‘ಲೈಟ್ ಯಾಕೆ ಆರಿಸಿದ್ರಿ?’ ಎಂದು ಕೇಳಿದಾಗಲೇ ಮನೆಯವರು ಬೆಚ್ಚುವುದು. ವೈದ್ಯರು ಇಲ್ಲಿ ಮಾಡುವ ಎರಡು ಪರೀಕ್ಷೆಗಳು ಬಹಳ ಸರಳ. ಒಂದು, ಕೆಂಪು ಮುಚ್ಚಳದಂಥ ವಸ್ತುವನ್ನು ಒಂದೊಂದೇ ಕಣ್ಣಿಗೆ ತೋರಿಸಿ ‘ಯಾವ ಕಣ್ಣಿಗೆ ಜಾಸ್ತಿ ಕೆಂಪು?’ ಎಂದು ಕೇಳುವುದು. ಪೆಟ್ಟು ತಿಂದ ಕಣ್ಣಿಗೆ ಅದು ಬಣ್ಣಗೆಟ್ಟು ಕಾಣುತ್ತದೆ. ಇನ್ನೊಂದಕ್ಕೆ ಬೇಕಾಗಿರುವುದು ಒಂದು ಸಣ್ಣ ಟಾರ್ಚ್. ಮಬ್ಬು ಕೋಣೆಯಲ್ಲಿ ಅದರ ಬೆಳಕನ್ನು ಈ ಕಣ್ಣಿನಿಂದ ಆ ಕಣ್ಣಿಗೆ ತೂಗಾಡಿಸುತ್ತಾರೆ. ಒಳ್ಳೆಯ ಕಣ್ಣಿಗೆ ಬೆಳಕು ಬಿದ್ದಾಗ ಎರಡೂ ಪಾಪೆಗಳು ಕಿರಿದಾಗುತ್ತವೆ. ಅದೇ ಬೆಳಕು ಕೆಟ್ಟ ಕಣ್ಣಿಗೆ ಹೊರಳಿದಾಗ ಪಾಪೆ ಕಿರಿದಾಗುವ ಬದಲು ಅಗಲವಾಗುತ್ತದೆ. ಬೆಳಕು ಕಣ್ಣಿಗೆ ಬಿದ್ದಿದೆ, ಸುದ್ದಿ ಮಿದುಳಿಗೆ ಮುಟ್ಟಿಲ್ಲ. ಇಷ್ಟು ದುಬಾರಿ ಯಂತ್ರಗಳ ನಡುವೆಯೂ ಈ ಟಾರ್ಚಿನ ಪರೀಕ್ಷೆಗೆ ಬೆಲೆ ಕಡಿಮೆಯಾಗಿಲ್ಲ. ಆದರೆ ಎರಡೂ ಕಣ್ಣಿಗೆ ಒಂದೇ ಸಮ ಪೆಟ್ಟಾಗಿದ್ದರೆ ಅದು ಮೋಸಹೋಗುತ್ತದೆ. ಮಕ್ಕಳಲ್ಲಿ ಹಾಗಾಗುವುದು ಅಪರೂಪವಲ್ಲ.

ಮೇಲೆ ಆರಂಭದಲ್ಲಿ ವಿವರಿಸಿದ ಚಿತ್ರಕ್ಕೆ ಎಡಿಇಎಂ ಎಂಬ ಹೆಸರಿದೆ. ಅಕ್ಯೂಟ್ ಡಿಸೆಮಿನೇಟೆಡ್ ಎನ್‌ಸೆಫಲೊಮೈಲೈಟಿಸ್ ಎಂಬುದರ ಚುಟುಕು ರೂಪ. ಹತ್ತು ವರ್ಷದೊಳಗಿನವರಲ್ಲಿ ಹೆಚ್ಚು. ಮಂಪರು, ಗೊಂದಲ, ಸ್ವಭಾವವೇ ಬದಲಾದಂತಾಗುವುದು ಇವುಗಳಲ್ಲಿ ಒಂದಾದರೂ ಇರಲೇಬೇಕು, ಮತ್ತು ಅದಕ್ಕೆ ಬರೀ ಜ್ವರ ಅಥವಾ ಫಿಟ್ಸ್ ಕಾರಣವಾಗಿರಬಾರದು. ಇದಿಲ್ಲದೆ ಎಡಿಇಎಂ ಎನ್ನುವಂತಿಲ್ಲ ಎಂದು ಮಕ್ಕಳ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೈಲಿನ್ ಮೇಲೆ ಮತ್ತೆ ಮತ್ತೆ ದಾಳಿಯಾಗುವ ಕಾಯಿಲೆ) ಅಧ್ಯಯನದ ಅಂತರರಾಷ್ಟ್ರೀಯ ತಂಡ 2007ರಲ್ಲಿ ಸೂತ್ರ ಹಾಕಿ, 2013ರಲ್ಲಿ ಅದನ್ನು ತಿದ್ದಿತು. ಆ ಸೂತ್ರದಲ್ಲಿ ಮೂರು ತಿಂಗಳ ಲೆಕ್ಕವೂ ಇದೆ. ಮೊದಲ ಮೂರು ತಿಂಗಳಲ್ಲಿ ಲಕ್ಷಣಗಳು ಏರುಪೇರಾದರೆ, ಹೊಸ ಮಚ್ಚೆ ಮೂಡಿದರೆ ಅದೂ ಅದೇ ಅಟ್ಯಾಕಿನ ಭಾಗ. ಅದು ಕಳೆದ ಮೇಲೆ ಹೊಸದು ಬಂದರೆ ಮಾತ್ರ ಬೇರೆ ಯೋಚನೆ. ‘ಮತ್ತೆ ಬರುತ್ತದೆಯೇ’ ಎನ್ನುವುದಕ್ಕೆ ಆ ವಾರದಲ್ಲೇ ಉತ್ತರ ಇಲ್ಲದಿರುವುದು ಇದರಿಂದ. ಎಡಿಇಎಂ ಬಂದ ಬಹುಪಾಲು ಮಕ್ಕಳಿಗೆ ಅದು ಒಂದೇ ಸಲ ಬಂದು ಹೋಗುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಎಡಿಇಎಂ ಎನ್ನುವುದು ಹೊರಗೆ ಕಾಣುವ ರೂಪಕ್ಕೆ ಇಟ್ಟ ಹೆಸರು; ಒಳಗೆ ಹೊಡೆಯುತ್ತಿರುವವರು ಯಾರು ಎಂದು ಅದು ಹೇಳುವುದಿಲ್ಲ. ಅದನ್ನು ಹೇಳುವ ರಕ್ತಪರೀಕ್ಷೆಗಳು ಕಳೆದ ಎರಡು ದಶಕಗಳಲ್ಲಿ ಬಂದವು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದಲ್ಲಿ ನಡೆದ ಅತಿ ದೊಡ್ಡ ಬದಲಾವಣೆ ಇದೇ, ಯಾವ ಹೊಸ ಔಷಧಿಯೂ ಅಲ್ಲ.

ಮೈಲಿನ್ ಹೊದಿಕೆಯ ಎಲ್ಲಕ್ಕಿಂತ ಹೊರಗಿನ ಪದರದಲ್ಲಿ ಮಾಗ್ (MOG, ಮೈಲಿನ್ ಒಲಿಗೊಡೆಂಡ್ರೊಸೈಟ್ ಗ್ಲೈಕೊಪ್ರೋಟೀನ್) ಎಂದು ಚಿಕ್ಕದಾಗಿ ಕರೆಯುವ ಪ್ರೋಟೀನ್ ಇದೆ. ಹೊರಗೇ ಇರುವುದರಿಂದ ಪ್ರತಿಕಾಯಗಳ (ಆಂಟಿಬಾಡಿಗಳ) ಕೈಗೆ ಸುಲಭವಾಗಿ ಸಿಗುತ್ತದೆ. ಇದರ ವಿರುದ್ಧದ ಪ್ರತಿಕಾಯ ಎಡಿಇಎಂ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ರಕ್ತದಲ್ಲಿ ಸಿಗುತ್ತದೆ. ಇದೇ ಮಾಗ್ ಕಾಯಿಲೆ. ಇದಕ್ಕೆಂದೇ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2023ರಲ್ಲಿ. ಪುಟ್ಟ ಮಕ್ಕಳಲ್ಲಿ ಎಡಿಇಎಂ ರೂಪದಲ್ಲಿ, ಸ್ವಲ್ಪ ದೊಡ್ಡವರಲ್ಲಿ ದೃಷ್ಟಿನರದ ಉರಿಯೂತವಾಗಿ ಕಾಣಿಸಿಕೊಳ್ಳುವುದು ಇದರ ಚಾಳಿ. ನೋಟ ಪೂರ್ತಿ ಹೋದಂತಾಗಿದ್ದ ಮಗು ಸ್ಟೀರಾಯ್ಡ್ ಕೊಟ್ಟ ಕೆಲವೇ ದಿನಗಳಲ್ಲಿ ಅಕ್ಷರ ಓದುವಂತಾಗುವುದೂ ಉಂಟು. ಆಮೇಲೆ ತೆಗೆದ ಎಂಆರ್‌ಐಗಳಲ್ಲಿ ಎಷ್ಟೋ ಮಚ್ಚೆಗಳು ಗುರುತೂ ಉಳಿಯದೆ ಮಾಯವಾಗಿರುತ್ತವೆ. ಬಹಳ ಮಕ್ಕಳಿಗೆ ಇದು ಮರುಕಳಿಸುವುದಿಲ್ಲ. ಆದರೆ ಗಣನೀಯ ಸಂಖ್ಯೆಯವರಿಗೆ ಮರುಕಳಿಸುತ್ತದೆ. ಆದ್ದರಿಂದ ಆರು ತಿಂಗಳು, ವರ್ಷ ಕಳೆದ ಮೇಲೆ ರಕ್ತವನ್ನು ಮತ್ತೆ ಪರೀಕ್ಷಿಸುತ್ತಾರೆ. ಪ್ರತಿಕಾಯ ಮಾಯವಾಗಿದ್ದರೆ ಸಮಾಧಾನ. ಉಳಿದಿದ್ದರೆ ಮರುಕಳಿಸುವ ಸಾಧ್ಯತೆ ಹೆಚ್ಚು. ಹಾಗೆಂದು ಉಳಿದವರಿಗೆಲ್ಲ ಬಂದೇ ಬರುತ್ತದೆ ಎಂದಲ್ಲ. ಬರೀ ಆ ಒಂದು ರಿಪೋರ್ಟ್ ನೋಡಿ ವರ್ಷಗಟ್ಟಲೆ ಔಷಧಿ ಶುರುಮಾಡುವುದಿಲ್ಲ. ಸಾಮಾನ್ಯವಾಗಿ ಎರಡನೆಯ ಅಟ್ಯಾಕ್ ಬಂದ ಮೇಲೆಯೇ ಆ ಯೋಚನೆ. ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ: ಪ್ರೋಟೀನನ್ನು ಅದರ ಸಹಜ ರೂಪದಲ್ಲಿ ಕೋಶಗಳ ಮೇಲೆ ಇಟ್ಟು ಮಾಡುವ ವಿಧಾನವೇ ನಂಬಿಕಸ್ಥ. ತಲೆನೋವೆಂದು ಬಂದವರಿಗೆಲ್ಲ ಈ ಪರೀಕ್ಷೆ ಬರೆದರೆ ಸುಳ್ಳು ಪಾಸಿಟಿವ್‌ಗಳ ರಾಶಿಯೇ ಬೀಳುತ್ತದೆ.

ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ) ಎಂಬ ಇನ್ನೊಂದು ಕಾಯಿಲೆ ಇದಕ್ಕಿಂತ ಅಪರೂಪ, ಇದಕ್ಕಿಂತ ಕ್ರೂರ. 1894ರಲ್ಲಿ ಫ್ರಾನ್ಸಿನ ಯುಜೀನ್ ಡೆವಿಕ್ ಕಣ್ಣು ಮತ್ತು ಬೆನ್ನುಹುರಿ ಎರಡನ್ನೂ ಹಿಡಿಯುವ ಈ ಕಾಯಿಲೆಯನ್ನು ವಿವರಿಸಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಅದನ್ನು ಎಂಎಸ್‌ನ ಒಂದು ಬಗೆ ಎಂದೇ ಬಹಳ ಜನ ತಿಳಿದಿದ್ದರು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವನ್ಡಾ ಲೆನನ್ ತಂಡ ಇದರ ಪ್ರತಿಕಾಯವನ್ನು ಗುರುತಿಸಿತು. ಮರುವರ್ಷವೇ ಅದರ ಗುರಿ ಗೊತ್ತಾಯಿತು: ಅಕ್ವಾಪೊರಿನ್-4 ಎಂಬ ನೀರಿನ ಕಾಲುವೆ. ಅದಿರುವುದು ಮೈಲಿನ್‌ನಲ್ಲಲ್ಲ, ಆಸ್ಟ್ರೊಸೈಟ್ ಎಂಬ ಪೋಷಕ ಕೋಶಗಳ ಮೇಲೆ. ಅಂದರೆ ಮೊದಲು ಸಾಯುವುದು ಆ ಕೋಶ, ಮೈಲಿನ್ ಕಳಚುವುದು ಆಮೇಲೆ. ಇಲ್ಲಿ ಒಂದೊಂದು ಅಟ್ಯಾಕೂ ಏನಾದರೊಂದನ್ನು ಶಾಶ್ವತವಾಗಿ ಕಿತ್ತುಕೊಂಡು ಹೋಗಬಹುದಾದ್ದರಿಂದ ಎರಡನೆಯದಕ್ಕೆ ಕಾಯುವಂತಿಲ್ಲ. ಮೊದಲ ಅಟ್ಯಾಕಿನಿಂದಲೇ ತಡೆಯುವ ಔಷಧಿ ಶುರು. ಮಿದುಳ ಕಾಂಡದ ಹಿಂಬದಿಯಲ್ಲಿರುವ ವಾಂತಿಯ ಕೇಂದ್ರಕ್ಕೂ ಇದು ಬಡಿಯುವುದುಂಟು. ಆಗ ಮಗುವಿಗೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ. ಹೊಟ್ಟೆಯ ತೊಂದರೆಯೆಂದು ಎಂಡೋಸ್ಕೋಪಿವರೆಗೂ ಹೋಗಿ ಏನೂ ಸಿಗದೆ, ಕೆಲವು ವಾರದ ಮೇಲೆ ಕಾಲು ಸೋತಾಗ ನರರೋಗವೆಂದು ತಿಳಿಯುವುದಿದೆ.

ಉಳಿದದ್ದು ಎಂಎಸ್, ಎಲ್ಲರೂ ಹೆದರುವ ಹೆಸರು. ಎಂಎಸ್ ಇರುವವರಲ್ಲಿ ಹದಿನೆಂಟು ತುಂಬುವ ಮೊದಲೇ ಅದು ಶುರುವಾಗಿರುವುದು ನೂರರಲ್ಲಿ ಮೂರರಿಂದ ಐದು ಜನರಿಗೆ. ಅವರಲ್ಲೂ ಹೆಚ್ಚಿನವರು ಹದಿಹರೆಯದವರು, ಆ ವಯಸ್ಸಿನಲ್ಲಿ ಹುಡುಗಿಯರೇ ಹೆಚ್ಚು. ಮಂಪರು ಸಾಮಾನ್ಯವಾಗಿ ಇರುವುದಿಲ್ಲ. ಎಂಆರ್‌ಐಯಲ್ಲಿ ಅಂಚು ಸ್ಪಷ್ಟವಿರುವ ಸಣ್ಣ ಮಚ್ಚೆಗಳು, ಕೆಲವು ಹೊಸವು, ಕೆಲವು ಹಳೆಯವು. ಬೆನ್ನಿನಿಂದ ತೆಗೆದ ನೀರಿನಲ್ಲಿ ಮಿದುಳಿನ ಒಳಗೇ ಪ್ರತಿಕಾಯ ತಯಾರಾಗುತ್ತಿರುವ ಗುರುತು ಬಹುತೇಕರಲ್ಲಿ ಸಿಗುತ್ತದೆ. ಎಡಿಇಎಂನಲ್ಲಿ ಅದು ವಿರಳ. ಎಪ್‌ಸ್ಟೈನ್-ಬಾರ್ ವೈರಸ್ ಸೋಂಕು, ವಿಟಮಿನ್ ಡಿ ಕೊರತೆ, ಅತಿತೂಕ, ಸುತ್ತಲಿನವರ ಸಿಗರೇಟ್ ಹೊಗೆ, ಹುಟ್ಟಿನಿಂದ ಬಂದ ಕೆಲವು ಜೀನ್‌ಗಳು ಇವೆಲ್ಲ ಸೇರಿ ಅಪಾಯ ಹೆಚ್ಚಿಸುತ್ತವೆ. ಮಕ್ಕಳಲ್ಲಿ ಅಟ್ಯಾಕ್‌ಗಳು ದೊಡ್ಡವರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಬರುತ್ತವೆ, ಆದರೆ ಪ್ರತಿ ಸಲವೂ ಮಗು ಎದ್ದು ಓಡಾಡಿಬಿಡುತ್ತದೆ. ಈ ಚೇತರಿಕೆಯನ್ನೇ ನಂಬಿ ಔಷಧಿ ಮುಂದೂಡುವುದು ಅಪಾಯ. ಒಳಗಿನ ನಷ್ಟ ಸದ್ದಿಲ್ಲದೆ ಕೂಡುತ್ತಾ ಹೋಗಿರುತ್ತದೆ. 2018ರಲ್ಲಿ ಪ್ರಕಟವಾದ, 10ರಿಂದ 17 ವರ್ಷದವರ ಮೇಲಿನ ಅಧ್ಯಯನದಲ್ಲಿ ಫಿಂಗೊಲಿಮಾಡ್ ಮಾತ್ರೆ ತೆಗೆದುಕೊಂಡವರಲ್ಲಿ, ಹಳೆಯ ಇಂಟರ್‌ಫೆರಾನ್ ಇಂಜೆಕ್ಷನ್ ಪಡೆದವರಿಗಿಂತ ಅಟ್ಯಾಕ್‌ಗಳು 82 ಶೇಕಡಾ ಕಡಿಮೆಯಾದವು. ಆ ವರ್ಷವೇ ಅಮೆರಿಕದಲ್ಲಿ ಹತ್ತು ದಾಟಿದ ಮಕ್ಕಳಿಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಆದರೆ ಇದೇ ಫಿಂಗೊಲಿಮಾಡ್, ಇದೇ ಇಂಟರ್‌ಫೆರಾನ್ ಎನ್‌ಎಂಒ ಇರುವವರಿಗೆ ಕೊಟ್ಟರೆ ಕಾಯಿಲೆ ಕೆರಳುತ್ತದೆ. ಮಾಗ್ ಕಾಯಿಲೆಗೂ ಎಂಎಸ್ ಔಷಧಿಗಳಿಂದ ಉಪಯೋಗವಿಲ್ಲ. ಅದು ಮರುಕಳಿಸುತ್ತಿದ್ದರೆ ತಿಂಗಳಿಗೊಮ್ಮೆ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಡ್ರಿಪ್, ಇಲ್ಲವೇ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೈಕೊಫಿನೊಲೇಟ್, ರಿಟುಕ್ಸಿಮಾಬ್‌ನಂಥವು. ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಮೊದಲ ದಿನಗಳ ಚಿಕಿತ್ಸೆಗೆ ಬರೋಣ. ಜ್ವರ, ಮಂಪರು ಇರುವ ಮಗುವಿನಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಮಿದುಳಿನ ಸೋಂಕು. ಆದ್ದರಿಂದ ಬೆನ್ನಿನ ನೀರಿನ ಪರೀಕ್ಷೆ. ಫಲಿತಾಂಶ ಬರುವವರೆಗೆ ಆಂಟಿಬಯಾಟಿಕ್ ಮತ್ತು ವೈರಸ್ ವಿರುದ್ಧದ ಅಸೈಕ್ಲೊವಿರ್. ಬೆನ್ನಿನಿಂದ ನೀರು ತೆಗೆದರೆ ಕಾಲು ಸ್ವಾಧೀನ ತಪ್ಪುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಕೆಳಗಿನ ಜಾಗದಲ್ಲಿ. ಹುರಿಗೆ ತಾಗುವ ಪ್ರಶ್ನೆ ಏಳುವುದಿಲ್ಲ. ಆಮೇಲೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 20ರಿಂದ 30 ಮಿಲಿಗ್ರಾಂನಂತೆ, ಒಂದು ಗ್ರಾಂ ಮೀರದಂತೆ, ಮೂರರಿಂದ ಐದು ದಿನ ರಕ್ತನಾಳಕ್ಕೆ. ಅದಕ್ಕೆ ಬಗ್ಗದಿದ್ದರೆ ಇಮ್ಯುನೊಗ್ಲಾಬ್ಯುಲಿನ್, ಅಥವಾ ರಕ್ತದ ಪ್ಲಾಸ್ಮಾ ಬದಲಿಸುವುದು. ಪ್ರತಿಕಾಯಗಳ ಪರೀಕ್ಷೆಗೆ ರಕ್ತವನ್ನು ಇವೆರಡಕ್ಕೂ ಮೊದಲೇ ತೆಗೆದಿಡುವುದು ಒಳ್ಳೆಯದು; ಪ್ಲಾಸ್ಮಾ ಬದಲಿಸಿದ ಮೇಲೆ ಹುಡುಕಿದರೆ ಇದ್ದದ್ದೂ ಸಿಗದೆ ಹೋಗಬಹುದು.

ಮನೆಗೆ ಹೋಗುವಾಗ ಕೊಡುವ ಸ್ಟೀರಾಯ್ಡ್ ಮಾತ್ರೆಗಳನ್ನು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಮುಖ ಊದಿತು, ಹಸಿವು ಹೆಚ್ಚಿತು, ಮಗು ಸಿಡುಕುತ್ತದೆ ಎಂದು ನಡುವೆ ಥಟ್ಟನೆ ನಿಲ್ಲಿಸಿಬಿಡುವವರಿದ್ದಾರೆ. ನಿಲ್ಲಿಸಬಾರದು. ಅಷ್ಟು ದಿನ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದುದರಿಂದ ದೇಹ ತನ್ನದನ್ನು ತಯಾರಿಸುವುದು ಬಿಟ್ಟಿರುತ್ತದೆ. ಜೊತೆಗೆ ಮಾಗ್ ಕಾಯಿಲೆಯಲ್ಲಿ ಬೇಗ ನಿಲ್ಲಿಸಿದರೆ ಉರಿಯೂತ ಮತ್ತೆ ಹೆಡೆಯೆತ್ತುವುದು ಸಾಮಾನ್ಯ.

ಗಿಲಿಯನ್-ಬಾರೆ ಎಂಬ ಕಾಯಿಲೆಯನ್ನು ಇವುಗಳೊಂದಿಗೆ ಬೆರೆಸಿಕೊಳ್ಳಬೇಡಿ. ಅದರಲ್ಲೂ ಸೋಂಕಿನ ನಂತರ ಕಾಲು ಸೋಲುತ್ತದೆ, ಆದರೆ ಪೆಟ್ಟು ಬೀಳುವುದು ಮಿದುಳಿನಿಂದ ಹೊರಗಿನ ನರಗಳಿಗೆ. ಮಂಡಿ ತಟ್ಟಿದರೆ ಕಾಲು ಎಗರುವುದಿಲ್ಲ, ಉಸಿರಾಟದ ಮೇಲೆ ಕಣ್ಣಿಡಬೇಕಾಗುತ್ತದೆ. ಅಲ್ಲಿ ಇಮ್ಯುನೊಗ್ಲಾಬ್ಯುಲಿನ್ ಕೆಲಸ ಮಾಡುತ್ತದೆ, ಸ್ಟೀರಾಯ್ಡ್ ಮಾಡುವುದಿಲ್ಲ.

ಲಸಿಕೆ ಹಾಕಿಸಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸ್ಟೀರಾಯ್ಡ್ ಅಥವಾ ರಿಟುಕ್ಸಿಮಾಬ್‌ನಂಥ ಔಷಧಿ ನಡೆಯುತ್ತಿರುವಾಗ ಜೀವಂತ ವೈರಸ್ಸಿನ ಲಸಿಕೆಗಳು ಬೇಡ. ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ ದಡಾರದ ಲಸಿಕೆಯನ್ನು ಕೆಲವು ತಿಂಗಳು ಮುಂದೂಡುತ್ತಾರೆ, ಕೊಟ್ಟರೂ ಹತ್ತುವುದಿಲ್ಲವೆಂಬ ಕಾರಣಕ್ಕೆ. ಉಳಿದ ಲಸಿಕೆಗಳ ವೇಳಾಪಟ್ಟಿಯನ್ನು ಚಿಕಿತ್ಸೆ ಮಾಡುವವರ ಜೊತೆ ಕೂತು ಹಾಕಿಕೊಳ್ಳಬೇಕು. ‘ಇನ್ನು ಯಾವ ಲಸಿಕೆಯೂ ಬೇಡ’ ಎಂದು ಒಂದೇ ಏಟಿಗೆ ತೀರ್ಮಾನಿಸುವುದು ತಪ್ಪು. ಅಟ್ಯಾಕನ್ನು ಕೆರಳಿಸುವ ಸೋಂಕುಗಳನ್ನೇ ಆ ಲಸಿಕೆಗಳು ತಡೆಯುವುದು.

ಮಗು ನಡೆಯಿತು, ಕಣ್ಣು ಕಂಡಿತು, ಎಂಆರ್‌ಐ ಸುಧಾರಿಸಿತು ಎಂದಾಕ್ಷಣ ಎಲ್ಲರ ಗಮನವೂ ಸಡಿಲವಾಗುತ್ತದೆ. ಉಳಿಯುವ ತೊಂದರೆ ಕಾಣುವುದು ತರಗತಿಯಲ್ಲಿ: ಬೇಗ ದಣಿಯುವುದು, ಬೋರ್ಡಿನಿಂದ ಬರೆದುಕೊಳ್ಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಎರಡು ಸೂಚನೆ ಒಟ್ಟಿಗೆ ಕೊಟ್ಟರೆ ಒಂದು ಮರೆಯುವುದು. ಎಂಎಸ್ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಸಮಸ್ಯೆ ಇರುತ್ತದೆ. ಎಡಿಇಎಂ ಆದವರಲ್ಲೂ ಕೆಲವರಿಗೆ ಉಂಟು. ಸೋಮಾರಿತನವೆಂದು ಬೈಸಿಕೊಳ್ಳುವ ಮೊದಲೇ ಶಾಲೆಗೆ ವಿಷಯ ತಿಳಿಸಿ, ಕಲಿಕೆಯ ಸಾಮರ್ಥ್ಯದ ಪರೀಕ್ಷೆ ಮಾಡಿಸಿ, ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ ಕೇಳಿಕೊಳ್ಳಬಹುದು. ಬಿಸಿಲಲ್ಲಿ ಆಡಿದಾಗ ಅಥವಾ ಜ್ವರ ಬಂದಾಗ ಹಳೆಯ ಮಸುಕು, ಹಳೆಯ ಜೋಮು ತುಸು ಹೊತ್ತು ಮರಳುವುದೂ ಇದೆ. ಮೈ ತಣ್ಣಗಾದರೆ ಹೋಗುತ್ತದೆ, ಅದು ಹೊಸ ಅಟ್ಯಾಕ್ ಅಲ್ಲ. ಜ್ವರವಿಲ್ಲದೆ ಹೊಸ ಲಕ್ಷಣವೊಂದು ಇಡೀ ದಿನ ನಿಂತರೆ, ಇಪ್ಪತ್ತನಾಲ್ಕು ಗಂಟೆ ದಾಟಿದರೆ, ಫಾಲೋಅಪ್ ದಿನಾಂಕಕ್ಕೆ ಕಾಯದೆ ಅಂದೇ ಫೋನ್ ಮಾಡಿ.